ತುರ್ಭೆಯ ಮೂಲಗೇಣಿ



ತುರ್ಭೆಯನ್ನು ನೀವು ನೂರು ಸಲ ದಾಟಿರುತ್ತೀರಿ, ಇಳಿದವರು ಕಡಿಮೆ. ಠಾಣೆಯಲ್ಲಿ ಹತ್ತಿ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕುಳಿತರೆ ಐರೋಲಿ, ರಬಾಳೆ, ಘಣಸೋಲಿ, ಕೋಪರಖೈರಣೆ ಒಂದೊಂದಾಗಿ ಸರಿದುಹೋಗುತ್ತವೆ. ತುರ್ಭೆ ಬಂತೆಂದರೆ 'ಇನ್ನೇನು ವಾಶಿ' ಎಂದು ಬ್ಯಾಗು ಸರಿಮಾಡಿಕೊಳ್ಳುವ ಹೊತ್ತು. ಈ ರೈಲು ಮಾರ್ಗ ಶುರುವಾದದ್ದು 2004ರ ನವೆಂಬರಿನಲ್ಲಿ. ಅದಕ್ಕೆ ಮೊದಲು ನಿಮ್ಮ ತಂದೆಯ ತಲೆಮಾರಿನವರು ಇಲ್ಲಿಗೆ ಬರುತ್ತಿದ್ದುದು ಬಸ್ಸಿನಲ್ಲಿ, ಕೆಲವು ಕಡೆ ಮೂಗಿಗೆ ಕರ್ಚೀಫು ಹಿಡಿದುಕೊಂಡು. ರಾಸಾಯನಿಕ ಕಾರ್ಖಾನೆಗಳ ವಾಸನೆಯಿಂದಲೇ ಯಾವ ಸ್ಟಾಪು ಬಂತೆಂದು ಹೇಳಬಲ್ಲವರಿದ್ದರು.

ಒಂದು ಶನಿವಾರ ಇಲ್ಲಿ ಇಳಿದು ನೋಡಿ ಎಂದರೆ ನೀವು ನಗಬಹುದು. ಲೋನಾವಳಾ ಅಲ್ಲ, ಮಾಥೇರಾನ್ ಅಲ್ಲ, ತುರ್ಭೆಯಲ್ಲಿ ನೋಡುವುದೇನಿದೆ? ನೋಡುವುದು ನೆಲವನ್ನು. ನಮ್ಮವರಲ್ಲಿ ಅನೇಕರು ಅನ್ನ ಸಂಪಾದಿಸಿದ ನೆಲ ಇದು. ಕೆಲವರು ಇಲ್ಲಿ ಲೇತ್ ಹಾಕಿದರು, ಕೆಲವರು ಕಾರ್ಖಾನೆಯ ಕ್ಯಾಂಟೀನು ನಡೆಸಿದರು, ಕೆಲವರು ಕಲ್ಲು ಒಡೆದರು, ನನ್ನಂಥವರು ಬ್ಯಾಂಕಿನ ಕೌಂಟರಿನ ಹಿಂದೆ ಕುಳಿತು ಇವರೆಲ್ಲರ ಸಾಲದ ಕಾಗದ ಓದಿದೆವು. ಆ ಕಾಗದಗಳನ್ನು ಓದಿದ್ದರಿಂದಲೇ ಈ ಲೇಖನ ಬರೆಯುವ ಧೈರ್ಯ ಬಂದಿದೆ. ಇಂದು ನಿಮ್ಮಲ್ಲಿ ಕೆಲವರ ಮನೆಯ ಕಪಾಟಿನಲ್ಲಿ ಅಂಥದೊಂದು ಕಾಗದವಿದೆ, ಅದನ್ನು ನೀವು ಓದಿರಲಿಕ್ಕಿಲ್ಲ.

ನಿಲ್ದಾಣದ ಮೇಲ್ಸೇತುವೆಯಲ್ಲಿ ಒಂದು ನಿಮಿಷ ನಿಲ್ಲಿ. ಪಶ್ಚಿಮಕ್ಕೆ, ಅಂದರೆ ಖಾಡಿಯ ಕಡೆಗೆ, ಸಗಟು ಮಾರುಕಟ್ಟೆಯ ಉದ್ದುದ್ದ ಛಾವಣಿಗಳು. ಈರುಳ್ಳಿ, ಧಾನ್ಯ, ಹಣ್ಣು, ತರಕಾರಿ ಮುಂಬಯಿಗೆ ಬರುವುದು ಈ ಎಪಿಎಂಸಿಯ ಮೂಲಕ. ಅದರಾಚೆ ವಾಶಿಯ ಸೆಕ್ಟರುಗಳು. ಇವೆಲ್ಲ ಸಿಡ್ಕೋ ಕೊಟ್ಟ ನೆಲ, ಸಾಮಾನ್ಯವಾಗಿ 60 ವರ್ಷದ ಲೀಸು. ಪೂರ್ವಕ್ಕೆ ತಿರುಗಿದರೆ ಠಾಣೆ–ಬೇಲಾಪುರ ರಸ್ತೆ, ಅದರಾಚೆ ಕಾರ್ಖಾನೆಗಳು, ಹಿಂದೆ ಪಾರಸಿಕ ಗುಡ್ಡದ ಸಾಲು. ಅದು ಎಂಐಡಿಸಿಯ ನೆಲ, 95 ವರ್ಷದ ಲೀಸು. ಒಂದೇ ಸೇತುವೆಯ ಎರಡು ಬದಿಗೆ ಇಬ್ಬರು ಧಣಿಗಳು, ಇಬ್ಬರೂ ಸರ್ಕಾರದವರೇ. ಎರಡೂ ಕಡೆ ಕಟ್ಟಡ ಕಟ್ಟಿದವರು 'ನನ್ನ ಜಾಗ' ಎನ್ನುತ್ತಾರೆ. ಕಾಗದದ ಪ್ರಕಾರ ಇಬ್ಬರ ಮಾತೂ ಪೂರ್ತಿ ಸರಿಯಲ್ಲ.

ಈ ಧಣಿಗಳು ಹುಟ್ಟಿದ ಕಥೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಮುಂಬಯಿ ದ್ವೀಪದಲ್ಲಿ ಉದ್ಯಮಗಳು ಒಂದರ ಮೇಲೊಂದು ಬಿದ್ದಂತೆ ಬೆಳೆದಾಗ ಅವನ್ನು ಹೊರಗೆ ಕಳಿಸಬೇಕೆಂದು ಸರ್ಕಾರಕ್ಕೆ ಅನಿಸಿತು. 1961ರಲ್ಲಿ ಕಾನೂನು ಬಂತು, 1962ರ ಆಗಸ್ಟ್ 1ರಂದು ಮಹಾರಾಷ್ಟ್ರ ಕೈಗಾರಿಕಾ ಅಭಿವೃದ್ಧಿ ನಿಗಮ, ಅಂದರೆ ನಮ್ಮೆಲ್ಲರ ಬಾಯಲ್ಲಿ ಎಂಐಡಿಸಿ, ಸ್ಥಾಪನೆಯಾಯಿತು. ಠಾಣೆಯ ವಾಗ್ಳೆ ಎಸ್ಟೇಟ್, ಅಂಬರನಾಥ, ಡೊಂಬಿವಲಿ ಎಲ್ಲ ಅದರ ಕೈಕೆಳಗಿನವು. ಠಾಣೆ ಖಾಡಿಯ ಈಚೆ ದಿಘಾದಿಂದ ನೆರೂಳದ ತನಕ ಸುಮಾರು 2,500 ಹೆಕ್ಟೇರಿನಷ್ಟು ನೆಲಕ್ಕೆ ಅದು ಟ್ರಾನ್ಸ್ ಠಾಣೆ ಕ್ರೀಕ್ ಎಂದು ಹೆಸರಿಟ್ಟಿತು. ಫಲಕಗಳಲ್ಲಿ ನೀವು ನೋಡುವ ಟಿಟಿಸಿ ಅದೇ. ಆಗ ವಾಶಿಯ ಸೇತುವೆಯೂ ಇರಲಿಲ್ಲ, ಅದು ತೆರೆದದ್ದು 1973ರಲ್ಲಿ. ನವಿಮುಂಬಯಿ ಎಂಬ ಊರು ಕಾಗದದ ಮೇಲೂ ಇರಲಿಲ್ಲ. ಖಾಡಿಯಾಚೆ ಹೊಸ ನಗರ ಕಟ್ಟೋಣ ಎಂದು ಚಾರ್ಲ್ಸ್ ಕೊರಿಯಾ, ಪ್ರವೀಣಾ ಮೆಹ್ತಾ, ಶಿರೀಷ್ ಪಟೇಲ್ ಮೂವರೂ ಸೇರಿ 'ಮಾರ್ಗ್' ಪತ್ರಿಕೆಯಲ್ಲಿ ಬರೆದದ್ದು 1965ರಲ್ಲಿ, ಸಿಡ್ಕೋ ಬಂದದ್ದು 1970ರಲ್ಲಿ. ಅಂದರೆ ಊರಿಗಿಂತ ಮೊದಲು ಇಲ್ಲಿ ಕಾರ್ಖಾನೆ ಬಂತು. ಕಾರ್ಖಾನೆಗೂ ಮೊದಲು ಆಗ್ರಿ ಮತ್ತು ಕೋಳಿ ಜನರ ಭತ್ತದ ಗದ್ದೆ, ಉಪ್ಪಿನ ಆಗರ, ಮೀನಿನ ಬಲೆ ಇದ್ದವು.

ಈಗ ಎಂಐಡಿಸಿಯ ಕಾಗದಕ್ಕೆ ಬರೋಣ. ನಮ್ಮ ಕಡೆಯ ಹಿರಿಯರಿಗೆ ಇದನ್ನು ನಾನು ಒಂದೇ ಮಾತಿನಲ್ಲಿ ತಿಳಿಸುತ್ತಿದ್ದೆ: "ಇದು ಮೂಲಗೇಣಿ ಮಾರಾಯ್ರೆ, ಆದರೆ ಷರತ್ತಿನ ಮೂಲಗೇಣಿ." ನಿಮಗೆ ಆ ಪದ ಹೊಸದಿರಬಹುದು, ಅಜ್ಜಿಯನ್ನು ಕೇಳಿ. ದಕ್ಷಿಣ ಕನ್ನಡದಲ್ಲಿ ಎರಡು ಬಗೆಯ ಗೇಣಿ ಇತ್ತು. ಚಾಲಗೇಣಿ ಎಂದರೆ ವರ್ಷದಿಂದ ವರ್ಷಕ್ಕೆ, ಧಣಿಗೆ ಮನಸ್ಸು ಬಂದರೆ ಒಕ್ಕಲು ಹೊರಗೆ. ಮೂಲಗೇಣಿ ಎಂದರೆ ತಲೆತಲಾಂತರಕ್ಕೆ, ಗೇಣಿ ಹೆಚ್ಚಿಸುವಂತಿಲ್ಲ. ಎಂಐಡಿಸಿಯ ಲೀಸೂ ಹೀಗೆಯೇ: ಆರಂಭದಲ್ಲಿ ಪ್ರೀಮಿಯಂ ಎಂದು ಒಂದು ದೊಡ್ಡ ಮೊತ್ತ, ಆಮೇಲೆ ವರ್ಷಕ್ಕೆ 1 ರೂಪಾಯಿ ಬಾಡಿಗೆ, 95 ವರ್ಷ. ಒಂದು ರೂಪಾಯಿ ಎಂದರೆ ಲೆಕ್ಕಕ್ಕೆ ಏನೂ ಅಲ್ಲ. ಆದರೆ 'ಧಣಿ ನಾನು' ಎಂದು ನಿಗಮ ಪ್ರತಿವರ್ಷ ನೆನಪಿಸುವ ರೂಪಾಯಿ ಅದು.

ಷರತ್ತು ಇರುವುದು ನಡುವಿನಲ್ಲಿ. ಅರ್ಜಿ ಹಾಕಿದವನು ಏನು ಮಾಡುತ್ತಾನೆ, ಎಷ್ಟು ಬಂಡವಾಳ, ಎಷ್ಟು ಜನಕ್ಕೆ ಕೆಲಸ, ಎಷ್ಟು ನೀರು, ಎಷ್ಟು ಕರೆಂಟು ಎಂದೆಲ್ಲ ಬರೆದುಕೊಡಬೇಕು. ಪ್ಲಾಟು ಮಂಜೂರಾದರೆ ಮೊದಲು ಸಿಗುವುದು ಲೀಸು ಅಲ್ಲ, 'ಲೀಸು ಕೊಡುತ್ತೇವೆ' ಎಂಬ ಒಪ್ಪಂದ. ಆ ಹಂತದಲ್ಲಿ ನೀವು ಆ ನೆಲಕ್ಕೆ ಒಳಹೊಕ್ಕು ಕಟ್ಟಲು ಅನುಮತಿ ಪಡೆದವರು ಮಾತ್ರ. ನಿಗದಿತ ವರ್ಷಗಳೊಳಗೆ ನಕ್ಷೆ ಮಂಜೂರು ಮಾಡಿಸಿ, ಶೆಡ್ಡು ಎಬ್ಬಿಸಿ, ಕಟ್ಟಡ ಮುಗಿದ ಪ್ರಮಾಣಪತ್ರ ಪಡೆದ ಮೇಲೆಯೇ ಲೀಸ್ ಡೀಡ್. ಕಟ್ಟದಿದ್ದರೆ ದಂಡ ಕಟ್ಟಿ ಅವಧಿ ವಿಸ್ತರಿಸಿಕೊಳ್ಳಬೇಕು, ಆಮೇಲೂ ಕಟ್ಟದಿದ್ದರೆ ನಿಗಮ ಪ್ಲಾಟನ್ನು ಹಿಂದಕ್ಕೆ ಪಡೆಯಬಹುದು. ಮಾರಲು ಅದರ ಪೂರ್ವಾನುಮತಿ ಬೇಕು, ಬಾಡಿಗೆಗೆ ಕೊಡಲು ಅನುಮತಿ ಮತ್ತು ಶುಲ್ಕ, ಬ್ಯಾಂಕಿಗೆ ಒತ್ತೆ ಇಡಲು ಒಪ್ಪಿಗೆ ಪತ್ರ. ನನ್ನ ಮೇಜಿನ ಮೇಲೆ ಬಂದ ಕಡತದಲ್ಲಿ ಆ ಒಪ್ಪಿಗೆ ಪತ್ರ ಇಲ್ಲದಿದ್ದರೆ ಎಷ್ಟೇ ದೊಡ್ಡ ಶೇಠ್ ಆಗಿರಲಿ, ಚಹಾ ಕೊಟ್ಟು ಕಳಿಸುತ್ತಿದ್ದೆವು.

ಇಷ್ಟೆಲ್ಲ ಕಟ್ಟುಪಾಡು ಯಾಕೆ? ಲೆಕ್ಕಕ್ಕಾಗಿ ಒಂದು ಉದಾಹರಣೆ ಹಾಕಿಕೊಳ್ಳಿ, ಅಂಕೆಗಳು ನನ್ನವು. ಒಬ್ಬರಿಗೆ ಬಹಳ ಹಿಂದೆ 1,000 ಚದರ ಮೀಟರಿನ ಪ್ಲಾಟು ಮೀಟರಿಗೆ 100 ರೂಪಾಯಿಯಂತೆ ಸಿಕ್ಕಿತು, ಒಟ್ಟು 1 ಲಕ್ಷ. ಇಂದು ಪೇಟೆಯಲ್ಲಿ ಅದಕ್ಕೆ ಮೀಟರಿಗೆ 50,000 ಬಂದರೆ 5 ಕೋಟಿ. ಈ ಬೆಲೆ ಏರಿಸಿದವರು ಯಾರು? ಅವರ ಲೇತ್ ಅಲ್ಲ. ಸೇತುವೆ ಬಂತು, ರೈಲು ಬಂತು, ಬಾರವಿ ಅಣೆಕಟ್ಟಿನ ನೀರು ಕೊಳವೆಯಲ್ಲಿ ಬಂತು, ಸುತ್ತ ಊರು ಬೆಳೆಯಿತು. ಸಾರ್ವಜನಿಕ ಹಣದಿಂದ ಏರಿದ ಬೆಲೆ ಯಾರ ಜೇಬಿಗೆ ಹೋಗಬೇಕು? ಪೂರ್ತಿ ಪ್ಲಾಟುದಾರನಿಗೇ ಎಂದು ಬಿಟ್ಟರೆ ನಾಳೆಯಿಂದ ಪ್ಲಾಟಿಗೆ ಅರ್ಜಿ ಹಾಕುವವರು ಕಾರ್ಖಾನೆಯವರಲ್ಲ, ಕಾದು ಕುಳಿತು ಮಾರುವವರು. ಪೂರ್ತಿ ನಿಗಮಕ್ಕೇ ಎಂದರೆ ಯಾರೂ ಮಾರುವುದಿಲ್ಲ; ಕಾರ್ಖಾನೆ ಮುಚ್ಚಿದರೂ ಶೆಡ್ಡಿಗೆ ಬೀಗ ಹಾಕಿ ಕುಳಿತಿರುತ್ತಾರೆ, ಇಲ್ಲವೇ ಮುಖತ್ಯಾರನಾಮೆ ಬರೆದುಕೊಟ್ಟು ಒಳಗೊಳಗೇ ಕೈ ಬದಲಾಯಿಸುತ್ತಾರೆ. ಆದ್ದರಿಂದ ನಿಗಮ ನಡುದಾರಿ ಹಿಡಿಯಿತು. ಮಾರಿ, ಆದರೆ ಏರಿದ ಬೆಲೆಯಲ್ಲಿ ಒಂದು ಪಾಲು ನಮಗೆ ಕೊಡಿ ಎಂದಿತು. ದರ ಸುತ್ತೋಲೆಯಿಂದ ಸುತ್ತೋಲೆಗೆ ಬದಲಾಗುತ್ತದೆ, ಅದನ್ನು ಇಲ್ಲಿ ಬರೆದರೆ ಪತ್ರಿಕೆ ನಿಮ್ಮ ಕೈಸೇರುವಷ್ಟರಲ್ಲಿ ಹಳತಾಗಬಹುದು.

ಬುದ್ಧಿವಂತರು ಇದಕ್ಕೂ ದಾರಿ ಹುಡುಕಿದರು. ಪ್ಲಾಟು ಮಾರುವುದೇಕೆ, ಪ್ಲಾಟು ಇರುವ ಕಂಪನಿಯನ್ನೇ ಮಾರೋಣ, ಷೇರು ಕೈ ಬದಲಾದರೆ ನೆಲ ಅಲ್ಲೇ ಇರುತ್ತದಲ್ಲ! ನಿಗಮವೂ ಸುಮ್ಮನಿರಲಿಲ್ಲ, ಪಾಲುದಾರರು, ಷೇರುದಾರರು ಬದಲಾದರೂ ಶುಲ್ಕ ಎಂದಿತು. ಬೆಕ್ಕು ಇಲಿಯ ಈ ಆಟ ಇಂದಿಗೂ ನಿಂತಿಲ್ಲ. ಇತ್ತೀಚೆಗೆ ಜಿಎಸ್‌ಟಿಯವರು ಕೂಡ ಈ ಆಟಕ್ಕೆ ಇಳಿದರು. ಲೀಸಿನ ಹಕ್ಕು ವರ್ಗಾಯಿಸುವುದು ಒಂದು 'ಸೇವೆ', ಅದಕ್ಕೆ ನೂರಕ್ಕೆ 18 ತೆರಿಗೆ ಕಟ್ಟಿ ಎಂದು ನೋಟೀಸು ಕಳಿಸಿದರು. ಗುಜರಾತಿನ ಕೈಗಾರಿಕಾ ಪ್ಲಾಟುಗಳ ಬಗ್ಗೆ ಅಲ್ಲಿಯ ಹೈಕೋರ್ಟು 2025ರ ಜನವರಿಯಲ್ಲಿ, ಇದು ಸೇವೆಯಲ್ಲ, ಸ್ಥಿರಾಸ್ತಿಯಿಂದ ಬರುವ ಹಕ್ಕಿನ ವರ್ಗಾವಣೆ, ಜಿಎಸ್‌ಟಿ ಇಲ್ಲ ಎಂದು ತೀರ್ಪು ಕೊಟ್ಟಿತು. ನೋಡಿ, ಮಾರುವವನು ಏನು ಮಾರುತ್ತಿದ್ದಾನೆ ಎಂಬುದೇ ಹೈಕೋರ್ಟಿನ ತನಕ ಹೋಗಬೇಕಾದ ಪ್ರಶ್ನೆ. ನೆಲವನ್ನಂತೂ ಅಲ್ಲ.

ಇದು ಕಾನೂನಿನವರ ತಲೆನೋವು ಎಂದು ಪುಟ ತಿರುಗಿಸಬೇಡಿ. ನನ್ನ ಪರಿಚಯದ ಒಬ್ಬರು ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ಫಿಟ್ಟರ್ ಕೆಲಸ ಕಲಿತು, ಎಪ್ಪತ್ತರ ದಶಕದ ಕೊನೆಯಲ್ಲಿ ಸ್ನೇಹಿತನೊಬ್ಬನ ಜೊತೆ ಪಾಲುದಾರಿಕೆಯಲ್ಲಿ ಒಂದು ಸಣ್ಣ ಪ್ಲಾಟು ಪಡೆದರು. ಹದಿನಾಲ್ಕು ಜನರ ಮೆಶಿನ್ ಶಾಪ್. ದೊಡ್ಡ ಕಾರ್ಖಾನೆಗಳಿಗೆ ವಾಲ್ವಿನ ಭಾಗ ಮಾಡಿಕೊಡುತ್ತಿದ್ದರು. ಸ್ನೇಹಿತ ಕೆಲವೇ ವರ್ಷಗಳಲ್ಲಿ ತನ್ನ ಪಾಲು ತೆಗೆದುಕೊಂಡು ಊರಿಗೆ ಹೋದ. ಇವರು ಸುಮಾರು ಮೂವತ್ತೈದು ವರ್ಷ ನಡೆಸಿ ತೀರಿಕೊಂಡರು. ಇಬ್ಬರು ಗಂಡುಮಕ್ಕಳು, ಇಬ್ಬರೂ ಕಂಪ್ಯೂಟರಿನವರು. ಗಿರಾಕಿ ಸಿಕ್ಕಿದ, ಟೋಕನ್ ಹಣವೂ ಕೈಗೆ ಬಂತು. ಆಮೇಲೆ ನನ್ನ ಹತ್ತಿರ ಬಂದರು.

"ಅಂಕಲ್, ಇದು ಅಪ್ಪನ ಜಾಗ ತಾನೆ? ನಾವು ಸೈನ್ ಮಾಡಿದರೆ ಆಯ್ತಲ್ಲ?" ಎಂದ ಹಿರಿಯವನು.

"ಜಾಗ ಅಪ್ಪನದಲ್ಲ ಮಗಾ, ಅಪ್ಪನಿಗೆ ಕೊಟ್ಟದ್ದು. ಮೊದಲು ಕಾಗದ ತೋರಿಸು" ಎಂದೆ.

ಕಾಗದದಲ್ಲಿ ಇಬ್ಬರು ಪಾಲುದಾರರ ಹೆಸರು ಹಾಗೆಯೇ ಇತ್ತು. ಸ್ನೇಹಿತ ಬಿಟ್ಟುಹೋದದ್ದನ್ನು ನಿಗಮಕ್ಕೆ ಯಾರೂ ತಿಳಿಸಿರಲಿಲ್ಲ. ಮಧ್ಯೆ ಹಿಂಬದಿಯ ಶೆಡ್ಡನ್ನು ಅನುಮತಿ ಇಲ್ಲದೆ ಬಾಡಿಗೆಗೂ ಕೊಟ್ಟಿದ್ದರು. ಊರಿನಲ್ಲಿದ್ದ ಸ್ನೇಹಿತನ ಮಕ್ಕಳನ್ನು ಹುಡುಕಿ ಸಹಿ ಹಾಕಿಸಬೇಕಾಯಿತು, ಹಳೆಯ ಬದಲಾವಣೆಗೆ ಶುಲ್ಕ, ಬಾಡಿಗೆಗೆ ಶುಲ್ಕ, ವಾರಸುದಾರರ ಹೆಸರು ಏರಿಸುವುದು, ಕೊನೆಗೆ ವರ್ಗಾವಣೆಯ ಶುಲ್ಕ. ಎರಡು ವರ್ಷ ಹಿಡಿಯಿತು. ಹುಡುಗರು ನಿಯತ್ತಿನವರು, ಎಲ್ಲ ಕಟ್ಟಿದರು. ಕೊಂಡವನು ಅಲ್ಲಿ ಸರಕು ಇಡುವ ಗೋದಾಮು ಮಾಡಿದ. ಹದಿನಾಲ್ಕು ಜನ ಇದ್ದ ಕಡೆ ಈಗ ಇಬ್ಬರು ಕಾವಲುಗಾರರು, ಒಬ್ಬ ಗುಮಾಸ್ತ. ಕೆಲಸದವರಿಗೆ ಕಾನೂನಿನಂತೆ ಸಲ್ಲಬೇಕಾದ್ದನ್ನು ಹುಡುಗರು ಕೊಟ್ಟರು, ಅದಕ್ಕೆ ನಾನೇ ಸಾಕ್ಷಿ. ಆದರೆ 'ಹದಿನಾಲ್ಕು ಜನರಿಗೆ ಕೆಲಸ ಕೊಡುತ್ತೇನೆ' ಎಂದು ಅಪ್ಪ ಬರೆದುಕೊಟ್ಟು ಪಡೆದ ನೆಲ, ಆ ಹದಿನಾಲ್ಕು ಜನರಿಗೆ ಏನೂ ಬರೆಯದೆ ಕೈ ಬದಲಾಯಿತು. ನಿಯಮದಲ್ಲಿ ಅವರ ಹೆಸರಿಗೆ ಕಾಲಮ್ಮೇ ಇಲ್ಲ.

ಇಲ್ಲಿಯೇ ನನಗೆ ಊರಿನ ಗೇಣಿಯ ಹೋಲಿಕೆ ಕೈಕೊಡುತ್ತದೆ. ದೇವರಾಜ ಅರಸರ ಕಾಲದಲ್ಲಿ, 1974ರ ಮಾರ್ಚ್ 1ರಿಂದ ಉಳುವವನೇ ಹೊಲದೊಡೆಯ ಎಂಬ ಕಾನೂನು ಜಾರಿಯಾಯಿತು. ನಿಮ್ಮಲ್ಲಿ ಅನೇಕರ ಅಜ್ಜಂದಿರು 7ನೇ ನಮೂನೆ ತುಂಬಿ, ಭೂನ್ಯಾಯಮಂಡಳಿಯ ಮುಂದೆ ನಿಂತು, ಗೇಣಿಯ ಗದ್ದೆಯನ್ನು ಸ್ವಂತ ಮಾಡಿಕೊಂಡವರು; ಇನ್ನು ಕೆಲವರ ಅಜ್ಜಂದಿರು ಅದೇ ಕಾನೂನಿನಿಂದ ಗದ್ದೆ ಕಳೆದುಕೊಂಡು ಮುಂಬಯಿಯ ಬಸ್ಸು ಹತ್ತಿದವರು. ಆ ಎರಡೂ ಮನೆಯವರು ಇಂದು ನಮ್ಮ ಸಂಘದ ಸಭೆಯಲ್ಲಿ ಅಕ್ಕಪಕ್ಕದ ಕುರ್ಚಿಯಲ್ಲಿ ಕೂರುತ್ತಾರೆ! ತುರ್ಭೆಯ ನೆಲದಲ್ಲಿ ಉಳುವವನು ಯಾರು? ಪ್ಲಾಟು ಪಡೆದು ಸಾಲ ತಂದು ಶೆಡ್ಡು ಎಬ್ಬಿಸಿದವನೋ, ಲೇತಿನ ಮುಂದೆ ನಿಂತವನೋ? ನಾನು ನಿವೃತ್ತನಾದ ಮೇಲೂ ಈ ಪ್ರಶ್ನೆಗೆ ಒಂದೇ ಉತ್ತರಕ್ಕೆ ಬರಲಾಗಲಿಲ್ಲ.

ಇರಲಿ, ನಡೆಯೋಣ. ರಸ್ತೆ ದಾಟಿ ಎಂಐಡಿಸಿಯ ಒಳಗೆ ಹೊಕ್ಕರೆ ಗೇಟುಗಳ ಮೇಲಿನ ಪ್ಲಾಟ್ ನಂಬರುಗಳನ್ನು ಓದುತ್ತಾ ಹೋಗಿ. 'ಡಿ' ಎಂದಿರುತ್ತದೆ, 'ಸಿ' ಎಂದಿರುತ್ತದೆ, ಮಹಾಪೆಯ ಕಡೆ ಎಲೆಕ್ಟ್ರಾನಿಕ್ಸ್ ವಲಯದಲ್ಲಿ 'ಇಎಲ್'. ಕೆಲವು ಸಣ್ಣ ಪ್ಲಾಟುಗಳ ನಂಬರಿನ ಮುಂದೆ 'ಪಿಎಪಿ' ಎಂಬ ಮೂರಕ್ಷರ ಇರುತ್ತದೆ. ಅಲ್ಲಿ ನಿಲ್ಲಿ. ಅದು ಯೋಜನೆಯಿಂದ ನೆಲ ಕಳೆದುಕೊಂಡವರ ಪ್ಲಾಟು, ಮರಾಠಿಯಲ್ಲಿ ಪ್ರಕಲ್ಪಗ್ರಸ್ತ. ನಿಮ್ಮ ಕಾಲೇಜಿನಲ್ಲಿ ಪಾಟೀಲ, ಮ್ಹಾತ್ರೆ, ಭೋಯಿರ್ ಎಂಬ ಗೆಳೆಯರಿದ್ದರೆ ಅವರ ಅಜ್ಜನ ಗದ್ದೆಯ ಮೇಲೆಯೇ ಈ ರಸ್ತೆ ಇರಬಹುದು. ಎಂಐಡಿಸಿ ಕಾನೂನಿನ 32ನೇ ಸೆಕ್ಷನ್ ಪ್ರಕಾರ ಸರ್ಕಾರ ಕಾರ್ಖಾನೆಗಾಗಿ ನೆಲ ವಶಪಡಿಸಿಕೊಳ್ಳಬಹುದು. ಗದ್ದೆಯವನಿಗೆ ಕೊಟ್ಟದ್ದು ಗದ್ದೆಯ ಬೆಲೆ. ಕಾರ್ಖಾನೆ ಬಂದ ಮೇಲೆ ಏರಿದ ಬೆಲೆಯಲ್ಲಿ ಅವನಿಗೆ ಪಾಲಿರಲಿಲ್ಲ.

ಆ ಪಾಲಿಗಾಗಿ ರಕ್ತ ಹರಿದಿದೆ. 1984ರ ಜನವರಿ 16 ಮತ್ತು 17ರಂದು ಉರಣದ ಜಾಸಯಿ ಕಡೆ ಸಿಡ್ಕೋ ಭೂಸ್ವಾಧೀನದ ವಿರುದ್ಧ ದಿ. ಬಾ. ಪಾಟೀಲರ ಮುಂದಾಳ್ತನದಲ್ಲಿ ನಡೆದ ಚಳವಳಿಯ ಮೇಲೆ ಪೊಲೀಸರು ಗುಂಡು ಹಾರಿಸಿ ಐವರು ರೈತರು ಸತ್ತರು. ಆ ಹೋರಾಟದ ಫಲವಾಗಿ ತೊಂಬತ್ತರ ದಶಕದಲ್ಲಿ ಸಿಡ್ಕೋ ಪ್ರದೇಶಕ್ಕೆ ಬಂದದ್ದೇ ಶೇಕಡಾ 12.5ರ ಯೋಜನೆ. ಕಳೆದುಕೊಂಡ ನೆಲದ ಲೆಕ್ಕದಲ್ಲಿ ನೂರಕ್ಕೆ ಹನ್ನೆರಡೂವರೆ ಪಾಲು, ಅಭಿವೃದ್ಧಿಯಾದ ನಿವೇಶನದ ರೂಪದಲ್ಲಿ ವಾಪಸು. ಇದು ಬಹಳ ದೊಡ್ಡ ವಿಚಾರ ಎಂದು ನನ್ನ ಅಭಿಪ್ರಾಯ. ಹಣ ಕೊಟ್ಟು ಕೈತೊಳೆದುಕೊಳ್ಳದೆ, ಏರುವ ಬೆಲೆಯಲ್ಲಿಯೇ ಒಂದು ತುಂಡನ್ನು ಮೂಲದವನಿಗೆ ಬಿಟ್ಟುಕೊಟ್ಟದ್ದು. ಆದರೆ ಪ್ಲಾಟು ಕೈಗೆ ಬರಲು ವರ್ಷಗಟ್ಟಲೆ ಕಾಯಬೇಕಾದಾಗ ಹಳ್ಳಿಯವರು ಹಕ್ಕನ್ನು ಮೊದಲೇ ಬಿಲ್ಡರಿಗೆ ಮಾರಿಬಿಟ್ಟರು. ಮದುವೆ, ಆಸ್ಪತ್ರೆ, ಸಾಲ ಕಾಯುವುದಿಲ್ಲವಲ್ಲ. ಪ್ಲಾಟು ಬಂದಾಗ ಸಿಡ್ಕೋ, ಮೂಲದವನು, ಬಿಲ್ಡರು ಮೂವರೂ ಸೇರಿ ತ್ರಿಪಕ್ಷೀಯ ಕರಾರು ಬರೆದುಕೊಂಡರು, ಬೆಲೆ ಏರಿದ್ದು ಮೂರನೆಯವನಿಗೆ. ಪಿಎಪಿ ಪ್ಲಾಟುಗಳ ಗೇಟಿನ ಫಲಕದಲ್ಲೂ ಇಂದು ಹಳ್ಳಿಯ ಹೆಸರು ಹುಡುಕಿದರೆ ಸಿಗುವುದು ಅಪರೂಪ.

ತುರ್ಭೆ ಸ್ಟೋರ್ಸ್ ಎಂಬ ಬಸ್ ಸ್ಟಾಪಿನ ಕಡೆ ನಡೆದರೆ ಕಿವಿಗೆ ಥಟ್ಟನೆ ಕನ್ನಡ ಬೀಳುತ್ತದೆ. ನಮ್ಮ ಸಂಘದ ವೇದಿಕೆಯ ಕನ್ನಡ ಅಲ್ಲ. ಕಲಬುರಗಿಯ, ವಿಜಯಪುರದ ಗಟ್ಟಿ ಕನ್ನಡ. "ಎಲ್ಲಿಂದ ಬಂದೀರ್ರಿ?" ಎಂದು ಮೊದಲು ಅವರೇ ಕೇಳುತ್ತಾರೆ. ಹಿಂದಿನ ಗುಡ್ಡಗಳಲ್ಲಿ ಕಲ್ಲಿನ ಕ್ವಾರಿಗಳಿದ್ದವು. ಅಲ್ಲಿ ಕಲ್ಲು ಒಡೆಯಲು ಬಂದವರಲ್ಲಿ ವಡ್ಡರ ಸಮುದಾಯದವರು ಬಹಳ. ಬರಗಾಲದಲ್ಲಿ ಊರು ಬಿಟ್ಟು ಬಂದವರ ಮಕ್ಕಳು, ಮೊಮ್ಮಕ್ಕಳು ಇವರು. ಈ ಕಾರ್ಖಾನೆಗಳ ಅಡಿಪಾಯ, ನೀವು ಬಂದ ರಸ್ತೆ, ರೈಲು ಹಳಿಯ ಕೆಳಗಿನ ಜಲ್ಲಿ ಎಲ್ಲದರಲ್ಲೂ ಇಂಥವರ ಸುತ್ತಿಗೆಯ ಪೆಟ್ಟಿದೆ. ಇವರ ಮನೆಗಳು ನಿಂತಿರುವ ನೆಲ ಹೆಚ್ಚಾಗಿ ಅದೇ ನಿಗಮದ್ದು, ಆದರೆ ಇವರ ಕೈಯಲ್ಲಿ ಲೀಸು ಇಲ್ಲ, 12.5 ಇಲ್ಲ, ಇರುವುದು ಹೆಚ್ಚೆಂದರೆ ಫೋಟೋ ಪಾಸು. 1995ರ ಜನವರಿ 1ಕ್ಕೆ ಮೊದಲು, ಆಮೇಲೆ 2000ದ ಜನವರಿ 1ಕ್ಕೆ ಮೊದಲು ಇಲ್ಲಿದ್ದೆ ಎಂದು ತೋರಿಸುವ ಕಾಗದ. ಕಾರ್ಖಾನೆಯವನಿಗೆ ಕೇಳುವುದು 'ಏನು ಮಾಡುತ್ತೀ?' ಎಂದು, ಹಳ್ಳಿಯವನಿಗೆ 'ಏನು ಕಳೆದುಕೊಂಡೆ?' ಎಂದು, ಗುಡಿಸಲಿನವನಿಗೆ 'ಯಾವಾಗ ಬಂದೆ?' ಎಂದು. ದುಡಿದದ್ದೆಷ್ಟು ಎಂದು ಇವರನ್ನು ಯಾರೂ ಕೇಳಿಲ್ಲ. ರೈಲಿನಲ್ಲಿ ಐದು ನಿಲ್ದಾಣ ಹಿಂದಿರುವ ದಿಘಾದಲ್ಲಿ ಎಂಐಡಿಸಿ ಮತ್ತು ಸಿಡ್ಕೋ ನೆಲದ ಮೇಲೆ ಎದ್ದ 99 ಅನಧಿಕೃತ ಕಟ್ಟಡಗಳನ್ನು ಕೆಡವಲು 2015ರಲ್ಲಿ ಮುಂಬಯಿ ಹೈಕೋರ್ಟು ಹೇಳಿದಾಗ ಗೊತ್ತಾಯಿತು, ಅಲ್ಲಿ ಫ್ಲ್ಯಾಟು ಕೊಂಡಿದ್ದವರೂ ನಮ್ಮ ನಿಮ್ಮಂಥ ಸಂಬಳದವರೇ ಎಂದು. ಬಿಲ್ಡರಿಗೆ ದುಡ್ಡು ಕೊಟ್ಟರು, ಆ ನೆಲದ ಧಣಿ ಯಾರೆಂದು ಕೇಳಲಿಲ್ಲ.

ಬೇರೆ ಕಡೆ ಏನು ಮಾಡಿದ್ದಾರೆ ಎಂದು ನೀವು ಕೇಳಬಹುದು. ನಮ್ಮ ಕರ್ನಾಟಕದಲ್ಲಿ 1966ರ ಕಾನೂನಿನಿಂದ ಬಂದ ಕೆಐಎಡಿಬಿ ಇದೆ. ಮಂಗಳೂರಿನ ಬೈಕಂಪಾಡಿ ಅದರದು. ಊರಿಗೆ ಹೋಗುವಾಗ ಸುರತ್ಕಲ್ ದಾಟಿದ ಮೇಲೆ ಸಿಗುತ್ತದೆ. ಅಲ್ಲಿಯ ಪದ್ಧತಿಗೆ ಲೀಸ್-ಕಂ-ಸೇಲ್ ಎನ್ನುತ್ತಾರೆ. ಕೆಲವು ವರ್ಷ ಲೀಸು, ಒಪ್ಪಿಕೊಂಡ ಕಾರ್ಖಾನೆ ಕಟ್ಟಿ ನಡೆಸಿ ತೋರಿಸಿದರೆ ಕ್ರಯಪತ್ರ. ಅಂದರೆ ಷರತ್ತು ತೀರಿಸಿದವನು ಮಾಲೀಕ, ಅರಸರ ಕಾನೂನಿನ ನೆರಳು ಇದರಲ್ಲಿದೆ ಎಂದು ನನಗೆ ಕೆಲವೊಮ್ಮೆ ಅನಿಸುತ್ತದೆ. ಉದ್ಯಮಿಗೆ ಧೈರ್ಯ ಬರುತ್ತದೆ, ಬ್ಯಾಂಕಿನವನಿಗೂ ನಿದ್ರೆ ಬರುತ್ತದೆ. ಆದರೆ ಕ್ರಯಪತ್ರ ಕೈಗೆ ಬಂದ ಮೇಲೆ ನಿಗಮದ ಹಿಡಿತ ಸಡಿಲಾಗುತ್ತದೆ, ಏರಿದ ಬೆಲೆ ಪೂರ್ತಿ ಖಾಸಗಿ. ಸಿಂಗಾಪುರದವರು ಇದಕ್ಕೆ ನೇರ ವಿರುದ್ಧ. 1968ರಲ್ಲಿ ಜುರಾಂಗ್ ನಿಗಮ ಮಾಡಿಕೊಂಡರು, ನೆಲ ಮಾರುವುದಿಲ್ಲ, ಲೀಸು ಮಾತ್ರ. 2012ರಲ್ಲಿ ಸರ್ಕಾರಿ ಕೈಗಾರಿಕಾ ನಿವೇಶನಗಳ ಲೀಸಿನ ಗರಿಷ್ಠ ಅವಧಿಯನ್ನೂ 60ರಿಂದ 30 ವರ್ಷಕ್ಕೆ ಇಳಿಸಿದರು. ಒಂದು ತಲೆಮಾರಿಗೊಮ್ಮೆ ನೆಲ ತಿರುಗಿ ಬರಲಿ, ಆಗಿನ ಉದ್ಯಮಕ್ಕೆ ಕೊಡೋಣ ಎಂಬುದು ಅವರ ಲೆಕ್ಕ. ದ್ವೀಪದವರಿಗೆ ನೆಲದ ಬೆಲೆ ಗೊತ್ತು. ನಾವೂ ಒಂದು ದ್ವೀಪದಿಂದಲೇ ಇಲ್ಲಿಗೆ ಬಂದವರು, ಆದರೂ 95 ವರ್ಷ ಕೊಟ್ಟೆವು.

ಎಂಐಡಿಸಿಯ ಕಟ್ಟುಪಾಡನ್ನು ಬೈಯುವವರಿಗೆ ನಾನು ಠಾಣೆ ತೋರಿಸುತ್ತೇನೆ. ಅಲ್ಲಿ ಸ್ವಂತ ನೆಲದಲ್ಲಿದ್ದ ಕಾರ್ಖಾನೆಗಳು ಮುಚ್ಚಿದ ಮೇಲೆ ಏನಾಯಿತು? ರೇಮಂಡ್ ಗಿರಣಿ ಇದ್ದ ಕಡೆ ಇಂದು ವಸತಿ ಗೋಪುರಗಳು. ತುರ್ಭೆಯಲ್ಲಿ ದೊಡ್ಡ ಹೆಸರಿನ ಔಷಧ, ರಾಸಾಯನಿಕ ಕಾರ್ಖಾನೆಗಳು ಹೋದರೂ ಆ ನೆಲ ಇನ್ನೂ ಕೈಗಾರಿಕೆಯ ಲೆಕ್ಕದಲ್ಲಿಯೇ ಉಳಿದಿದೆ. ಕೈಗಾರಿಕೆ ಎಂಬ ಪದ ಮಾತ್ರ ಹಿಗ್ಗಿದೆ. ಐರೋಲಿಯ ಮೈಂಡ್‌ಸ್ಪೇಸಿನ ಗಾಜಿನ ಕಟ್ಟಡಗಳು, ರಬಾಳೆ, ಮಹಾಪೆಯ ಡೇಟಾ ಸೆಂಟರುಗಳು ಎಲ್ಲ ಟಿಟಿಸಿಯ ನೆಲವೇ. ನಿಮ್ಮಲ್ಲಿ ಎಷ್ಟೋ ಜನ ಅಲ್ಲಿ ರಾತ್ರಿಪಾಳಿ ಮಾಡುತ್ತೀರಿ. ನಿಮ್ಮ ತಂದೆ ಬಾಯ್ಲರಿನ ಪಕ್ಕ ನಿಂತಿದ್ದ ಅದೇ ಬಗೆಯ ಲೀಸಿನ ಮೇಲೆ ನೀವು ಎ.ಸಿ.ಯಲ್ಲಿ ಕೂತಿದ್ದೀರಿ. ಡೇಟಾ ಸೆಂಟರಿಗೆ ಕರೆಂಟು ಬಹಳ ಬೇಕು, ಜನ ಬಹಳ ಬೇಡ. ಅರ್ಜಿಯ 'ಎಷ್ಟು ಜನರಿಗೆ ಕೆಲಸ' ಎಂಬ ಕಾಲಮ್ಮಿಗೆ ಈಗ ಏನು ಬರೆಯುತ್ತಾರೋ ನೋಡಬೇಕು. ಡೊಂಬಿವಲಿಯ ಎಂಐಡಿಸಿಯಲ್ಲಿ ಇನ್ನೊಂದು ಪಾಠವಿದೆ. ಅಲ್ಲಿ ಮನೆಗಳು ಕಾರ್ಖಾನೆಯ ಗೋಡೆಯ ತನಕ ಬಂದು ನಿಂತವು, 2016ರ ಮೇ ತಿಂಗಳಲ್ಲಿ ಒಮ್ಮೆ, 2024ರ ಮೇ ತಿಂಗಳಲ್ಲಿ ಮತ್ತೊಮ್ಮೆ ರಾಸಾಯನಿಕ ಕಾರ್ಖಾನೆ ಸ್ಫೋಟಿಸಿದಾಗ ದೂರದ ಮನೆಗಳ ಕಿಟಕಿ ಗಾಜು ಕೂಡ ಉದುರಿತು, ಜೀವಗಳು ಹೋದವು. ಯಾವ ನೆಲದಲ್ಲಿ ಏನು ಎಂಬುದು ಬರೀ ಶುಲ್ಕದ ಪ್ರಶ್ನೆಯಲ್ಲ.

ಈಗ ಒಂದು ಕೂಡುವ ಲೆಕ್ಕ. 1965ರಲ್ಲಿ ಕೊಟ್ಟ ಪ್ಲಾಟಿಗೆ 95 ಸೇರಿಸಿ, 2060. ಸಾಮಾನ್ಯವಾಗಿ ಎಣಿಕೆ ಲೀಸ್ ಡೀಡ್ ನೋಂದಣಿಯಾದ ದಿನದಿಂದಲ್ಲ, ಮೊದಲ ಒಪ್ಪಂದದ ಕಾಲದಿಂದ. 1978ರ ಪ್ಲಾಟಾದರೆ 2073. ಸಿಡ್ಕೋದ 60 ವರ್ಷದ ಹಳೆಯ ಲೀಸುಗಳು ಅದಕ್ಕೂ ಮೊದಲೇ ಬರುತ್ತವೆ. ಇಂದು ನಿಮಗೆ ಇಪ್ಪತ್ತೈದು ಎಂದಿಟ್ಟುಕೊಳ್ಳಿ. ಟಿಟಿಸಿಯ ಮೊದಲ ಲೀಸುಗಳು ಮುಗಿಯುವಾಗ ನಿಮಗೆ ಅರವತ್ತರ ಆಸುಪಾಸು, ಆಗ ನಿರ್ಧಾರ ಮಾಡುವ ಕುರ್ಚಿಯಲ್ಲೋ, ಅರ್ಜಿ ಹಿಡಿದು ನಿಲ್ಲುವ ಸಾಲಿನಲ್ಲೋ ಇರುವವರು ನೀವು. ಇಷ್ಟು ದೊಡ್ಡ ನೆಲದ ಕರಾರುಗಳು ಕೆಲವೇ ವರ್ಷಗಳ ಅಂತರದಲ್ಲಿ ಮುಗಿಯುವಾಗ ಕಾರ್ಖಾನೆಯವನ ಮೊಮ್ಮಗ ಬರುತ್ತಾನೆ, ಆಗ್ರಿ ರೈತನ ಮೊಮ್ಮಗಳು ಬರುತ್ತಾಳೆ, ತುರ್ಭೆ ಸ್ಟೋರ್ಸಿನ ಫೋಟೋ ಪಾಸು ಹಿಡಿದವರ ಮಕ್ಕಳೂ ಬರುತ್ತಾರೆ.

ಅಷ್ಟರೊಳಗೆ ಮನೆಯಲ್ಲಿರುವ ಕಾಗದವನ್ನು ಇಳಿಸಿ, ಧೂಳು ಕೊಡವಿ ಓದಿ. ಅದು ಒಪ್ಪಂದವೋ, ಲೀಸ್ ಡೀಡೋ ನೋಡಿ. ಯಾರ ಯಾರ ಹೆಸರಿದೆ, ಕಟ್ಟಡ ಮುಗಿದ ಪ್ರಮಾಣಪತ್ರ ಜೊತೆಗಿದೆಯೇ, ಬ್ಯಾಂಕಿನ ಸಾಲ ತೀರಿದ ಮೇಲೆ ಒತ್ತೆ ಬಿಡುಗಡೆಯ ಪತ್ರ ತಂದಿಟ್ಟಿದ್ದಾರೆಯೇ ನೋಡಿ. ಸಾಲ ಕೊಟ್ಟ ಬ್ಯಾಂಕು ಸಿಂಡಿಕೇಟೋ, ಕಾರ್ಪೊರೇಶನ್ನೋ, ವಿಜಯಾವೋ ಆಗಿದ್ದರೆ ಆ ಫಲಕ ಇಂದಿಲ್ಲ. ವಿಜಯಾ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ 2020ರಲ್ಲಿ ಕೆನರಾಕ್ಕೆ, ಕಾರ್ಪೊರೇಶನ್ ಅದೇ ವರ್ಷ ಯೂನಿಯನ್ ಬ್ಯಾಂಕಿಗೆ ಸೇರಿಹೋದವು. ಪತ್ರ ಬೇಕಾದರೆ ಅಲ್ಲಿ ಕೇಳಬೇಕು. ಕೊನೆಯ ಪುಟಗಳಲ್ಲಿ ಅವಧಿ ಮುಗಿದ ಮೇಲಿನ ಷರತ್ತು ಇರುತ್ತದೆ, ಅಕ್ಷರ ಸಣ್ಣದು, ಭಾಷೆ ಕಠಿಣ. ಅರ್ಥವಾಗದಿದ್ದರೆ ಭಾನುವಾರ ಸಂಜೆ ಸಂಘದ ಕಚೇರಿಗೆ ತನ್ನಿ, ನಾನು ಮತ್ತು ನನ್ನಂಥ ನಾಲ್ಕು ಮಂದಿ ಹಳೇ ಬ್ಯಾಂಕಿನವರು ಕನ್ನಡಕ ಹಾಕಿಕೊಂಡು ಅಲ್ಲಿ ಕುಳಿತಿರುತ್ತೇವೆ.